ಫ್ರಿಜ್‌ಗೆ ಹಾಕಿದ ಕೂಡಲೇ ಮಬ್ಬಾಗುವ ಬಿಯರ್: ಡಲ್ಲಾಸ್ ಗೆಳೆಯರ ಪ್ರಶ್ನೆಗೆ ಉತ್ತರ

ಡಲ್ಲಾಸ್ ಗೆಳೆಯರೇ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಫೋನಿನಲ್ಲಿ ಕುಟ್ಟಿ ಮುಗಿಸುವಂಥದ್ದಲ್ಲ ಅಂತ ಬಿಟ್ಟಿದ್ದೆ. ಈಗ ಕಾಫಿ ಮಾಡಿಕೊಂಡು ಕೂತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಉಳಿದವರಿಗೆ ಪ್ರಶ್ನೆ ಏನೆಂದು ಎರಡು ಮಾತಲ್ಲಿ ಹೇಳುತ್ತೇನೆ. ಇವರು ಮನೆಯಲ್ಲೇ 19 ಲೀಟರ್ ಬ್ಲಾಂಡ್ ಏಲ್, ಅಂದರೆ ತಿಳಿ ಹಳದಿ ಬಣ್ಣದ ಬಿಯರ್ ಮಾಡಿ ಬಾಟಲಿಗೆ ತುಂಬಿದ್ದಾರೆ. ಯೀಸ್ಟ್ ಯುಎಸ್-05. ಹೊರಗಿಟ್ಟಾಗ ಬಾಟಲಿ ಒಳ್ಳೆ ತಿಳಿಯಾಗಿದೆ. ಫ್ರಿಜ್‌ಗೆ ಹಾಕಿ ಮಾರನೇ ದಿನ ನೋಡಿದರೆ ನೀರು ಮಜ್ಜಿಗೆ ಹಾಗೆ ಮಬ್ಬು. ಇನ್ನು ಆರು ವಾರಕ್ಕೆ ಸ್ಪರ್ಧೆಗೆ ಕಳಿಸಬೇಕು. ಬಿಯರ್ ತಿಳಿ ಮಾಡಲು ಹಾಕುವ ಜೆಲಟಿನ್ ಹಾಕುವಂತಿಲ್ಲ, ಮನೆಯಲ್ಲಿ ಎಲ್ಲರೂ ಸಸ್ಯಾಹಾರಿಗಳು. ಏನು ಹಾಕಲಿ ಅಂತ ಕೇಳಿದ್ದಾರೆ.

ಏನು ಹಾಕಬೇಕು ಅನ್ನೋದು ಆಮೇಲೆ. ಯಾವ ಮಬ್ಬು ಅನ್ನೋದು ಮೊದಲು. ಇದೊಂದು ಗೊತ್ತಿಲ್ಲದೆ ನಾನು ಎರಡು ವರ್ಷ ಅಂಗಡಿಯಲ್ಲಿದ್ದ ಪುಡಿ, ಮಾತ್ರೆ ಎಲ್ಲ ತಂದು ಸುರಿದೆ. ಕೆಲವು ಕೆಲಸ ಮಾಡಿದವು, ಕೆಲವು ಮಾಡಲಿಲ್ಲ. ಯಾಕೆ ಅಂತ ತಿಳಿಯುತ್ತಲೇ ಇರಲಿಲ್ಲ.

ಇವತ್ತೇ ಒಂದು ಪರೀಕ್ಷೆ ಮಾಡಿ. ತಣ್ಣಗಿನ ಬಿಯರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಮೇಜಿನ ಮೇಲಿಡಿ. ಮುಟ್ಟಬೇಡಿ. ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು 20 ಡಿಗ್ರಿ ಹತ್ತಿರ ಬಂದು ತಾನಾಗಿ ತಿಳಿಯಾದರೆ ಅದು ಚಿಲ್ ಹೇಝ್, ಅಂದರೆ ತಣ್ಣಗಾದಾಗ ಮಾತ್ರ ಬರುವ ಮಬ್ಬು. ನೀವು ಹೇಳಿದ್ದು ಕೇಳಿದರೆ ನೂರಕ್ಕೆ ತೊಂಬತ್ತು ಭಾಗ ಅದೇ.

ಬೆಚ್ಚಗಾದರೂ ಮಬ್ಬು ಹಾಗೇ ಇದ್ದರೆ ಬೇರೆ ಕಥೆ. ಯೀಸ್ಟ್ ಆಗಿದ್ದರೆ ಬ್ರೆಡ್ ಹಿಟ್ಟಿನ ವಾಸನೆ ಇರುತ್ತೆ, ದಿನ ಕಳೆದಂತೆ ಕೆಳಗೆ ಕೂರುತ್ತೆ. ಪಿಷ್ಟ ಆಗಿದ್ದರೆ ಒಂದು ಚಮಚ ಬಿಯರಿಗೆ ಎರಡು ಹನಿ ಅಯೋಡಿನ್ ಬಿಡಿ, ನೀಲಿ-ಕಪ್ಪು ಬಣ್ಣ ಬರುತ್ತೆ. ಆ ಚಮಚವನ್ನು ಸಿಂಕಿಗೆ ಚೆಲ್ಲಿ, ಕುಡಿಯಬೇಡಿ. ಮಾವಿನ ತಿರುಳೋ ಹಣ್ಣೋ ಹಾಕಿ ಕುದಿಸಿದ್ದರೆ ಪೆಕ್ಟಿನ್, ಅದಕ್ಕೆ ಪೆಕ್ಟಿನೇಸ್ ಕಿಣ್ವ ಬೇಕು. ಮಬ್ಬಿನ ಜೊತೆ ಹುಳಿ ವಾಸನೆ, ಬಾಟಲಿ ತೆರೆದ ಕೂಡಲೇ ನೊರೆ ಉಕ್ಕುವುದು, ಇವು ಕಂಡರೆ ಸೋಂಕು. ಆಗ ಸ್ಪರ್ಧೆ ಮರೆತುಬಿಡಿ. ಉಳಿದ ಬಾಟಲಿಗಳು ಸಿಡಿಯುವ ಮೊದಲು ಫ್ರಿಜ್‌ಗೆ ಸೇರಿಸಿ.

ಈಗ ಚಿಲ್ ಹೇಝ್. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬಿಳಿಚಿಕೊಂಡು, ಬಿಸಿಲಿಗಿಟ್ಟರೆ ಮತ್ತೆ ತಿಳಿಯಾಗುತ್ತಲ್ಲ, ನೋಡೋಕೆ ಹಾಗೇ. ಒಳಗೆ ನಡೆಯುವುದು ಬೇರೆ. ಬಾರ್ಲಿಯಿಂದ ಬರುವ ಕೆಲವು ಪ್ರೋಟೀನುಗಳು ಒಂದು ಕಡೆ. ಬಾರ್ಲಿ ಸಿಪ್ಪೆಯಿಂದ, ಕಹಿಗೆ ಹಾಕುವ ಹೂವಾದ ಹಾಪ್ಸ್‌ನಿಂದ ಬರುವ ಒಗರಿನ ಅಂಶ ಇನ್ನೊಂದು ಕಡೆ. ಅಡಿಕೆ ಬೇಯಿಸಿದಾಗ ಬಿಡುವ ಚೊಗರು ಗೊತ್ತಲ್ಲ, ಅದೇ ಜಾತಿ, ಪಾಲಿಫಿನಾಲ್ ಅಂತಾರೆ. ತಣ್ಣಗಾದಾಗ ಇವೆರಡೂ ಸಡಿಲವಾಗಿ ಕೈ ಹಿಡಿಯುತ್ತವೆ, ಬೆಳಕು ಚದುರಿ ಮಬ್ಬು ಕಾಣುತ್ತೆ. ಬೆಚ್ಚಗಾದರೆ ಕೈ ಬಿಡುತ್ತವೆ. ತಿಂಗಳುಗಟ್ಟಲೆ ಹೀಗೇ ಆಗುತ್ತಿದ್ದರೆ, ಜೊತೆಗೆ ಗಾಳಿಯೂ ತಾಗಿದ್ದರೆ, ಹಿಡಿದ ಕೈ ಬಿಡೋದೇ ಇಲ್ಲ. ಆಗ ಅದು ಕಾಯಂ ಮಬ್ಬು.

ಅಂದರೆ ನಿಮ್ಮ ಬಿಯರ್ ಕೆಟ್ಟಿಲ್ಲ. ರುಚಿಗೆ ಏನೂ ಆಗಿಲ್ಲ. ಸುಮ್ನೆ ಗಾಬರಿಯಾಗಿ ಬಾಟಲಿ ಬಿಚ್ಚಿ ಏನನ್ನೂ ಹಾಕಲು ಹೋಗಬೇಡಿ. ಮನೆಯಲ್ಲಿ ಕುಡಿಯೋದಕ್ಕಾದರೆ ಫ್ರಿಜ್‌ನಲ್ಲಿ ಮೂರು ನಾಲ್ಕು ವಾರ ಅಲುಗಾಡದಂತೆ ನಿಲ್ಲಿಸಿಡಿ. ಮಬ್ಬಿನ ಕಣಗಳು ನಿಧಾನಕ್ಕೆ ತಳಕ್ಕಿಳಿಯುತ್ತವೆ. ಬಗ್ಗಿಸುವಾಗ ಗಸಿ ಬಿಟ್ಟು ತಿಳಿ ಮಾತ್ರ ಲೋಟಕ್ಕೆ ತನ್ನಿ.

ಸ್ಪರ್ಧೆಗೆ ಈ ಉಪಾಯ ನಡೆಯಲ್ಲ, ಇದನ್ನು ನಾನು ಪೆಟ್ಟು ತಿಂದು ಕಲಿತೆ. ಕೊರಿಯರ್‌ನಲ್ಲಿ ಹೋಗುವಾಗ ಬಾಟಲಿ ಬೆಚ್ಚಗಾಗುತ್ತೆ. ತಳದಲ್ಲಿ ಕೂತಿದ್ದ ಮಬ್ಬು ಕರಗಿ ವಾಪಸ್ ಬಿಯರಿಗೇ ಸೇರುತ್ತೆ. ಅಲ್ಲಿ ಅವರು ಮತ್ತೆ ತಣ್ಣಗೆ ಮಾಡಿದಾಗ ಪುನಃ ಮಬ್ಬು. ತಣ್ಣಗಿದ್ದಾಗಲೇ ಗಸಿಯಿಂದ ಬೇರೆ ಮಾಡಿದರೆ ಮಾತ್ರ ಅದು ಹೋದಂತೆ. ಬಾಟಲಿ ಒಳಗೆ ಕೂತ ಗಸಿ ಎಲ್ಲಿಗೂ ಹೋಗಿಲ್ಲ.

ನಿಮ್ಮ ಮುಂದೆ ಎರಡು ದಾರಿ ಇವೆ. ಒಂದು, ಇದನ್ನೇ ಕಳಿಸುವುದು. ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿಯ ಅಂಕಪಟ್ಟಿ ನೋಡಿದ್ದೀರಾ? ಒಟ್ಟು 50 ಅಂಕ. ಪರಿಮಳಕ್ಕೆ 12, ರುಚಿಗೆ 20, ಬಾಯಿಗೆ ಹೇಗನಿಸುತ್ತೆ ಅನ್ನೋದಕ್ಕೆ 5, ಒಟ್ಟಾರೆ ಅನಿಸಿಕೆಗೆ 10. ನೋಟಕ್ಕೆ ಬರೀ 3. ಅದರಲ್ಲೇ ಬಣ್ಣ, ನೊರೆ, ತಿಳಿ ಎಲ್ಲ ಬಂತು. ಮಬ್ಬಿನಿಂದ ಹೋಗೋದು ಹೆಚ್ಚೆಂದರೆ ಒಂದು ಅಂಕ. ಬಿಯರ್ ರುಚಿಯಾಗಿದ್ದರೆ ಧೈರ್ಯವಾಗಿ ಕಳಿಸಿ.

ಎರಡನೆಯದು, ಈ ಶನಿವಾರವೇ ಹೊಸದಾಗಿ ಮಾಡುವುದು. ಹುದುಗಲು ಹತ್ತು ಹನ್ನೆರಡು ದಿನ, ತಣ್ಣಗೆ ನಾಲ್ಕೈದು ದಿನ, ಬಾಟಲಿಯಲ್ಲಿ ಗ್ಯಾಸ್ ಕಟ್ಟಲು ಎರಡು ವಾರ. ಐದು ವಾರದೊಳಗೆ ಮುಗಿಯುತ್ತೆ. ನಾನಾಗಿದ್ದರೆ ಎರಡೂ ಮಾಡುತ್ತಿದ್ದೆ.

ಹೊಸದಾಗಿ ಮಾಡುವಾಗ ಹೆಚ್ಚು ಗಮನ ಕುದಿಯ ಮೇಲಿರಲಿ, ಅಂದರೆ ಯೀಸ್ಟ್ ಹಾಕುವ ಮೊದಲು ಬಾರ್ಲಿಯ ಸಿಹಿ ನೀರನ್ನು ಕುದಿಸುವಾಗ. ಒಲೆ ಸಣ್ಣದು, ಮುಚ್ಚಳ ಅರ್ಧ ಮುಚ್ಚಿದ್ದೆ, ಸಾಧಾರಣ ಕುದಿ ಇತ್ತು ಅಂತ ಬರೆದಿದ್ದೀರಿ. ಅಲ್ಲೇ ಎಡವಿದ್ದು ಅನ್ಸುತ್ತೆ. ಕುದಿ ಮಗುಚಿ ಮಗುಚಿ ಬರಬೇಕು. ಆಗ ಪ್ರೋಟೀನು ಮೊಟ್ಟೆ ಒಡೆದ ಸಾರಿನ ಹಾಗೆ ಚೂರು ಚೂರಾಗಿ ಕಟ್ಟಿಕೊಳ್ಳುತ್ತೆ. ಹಾಗೆ ಕಂಡರೆ ಸರಿಯಾಗಿ ಕುದಿಯಿತು ಅಂತ ಲೆಕ್ಕ. ಒಲೆಗೆ ಅಷ್ಟು ಶಕ್ತಿ ಇಲ್ಲದಿದ್ದರೆ ಎರಡು ಪಾತ್ರೆಯಲ್ಲಿ ಹಂಚಿ ಕುದಿಸಿ, ಅಥವಾ ಪ್ರೊಪೇನ್ ಬರ್ನರ್ ತಂದು ಹಿತ್ತಲಲ್ಲಿ ಇಟ್ಟುಕೊಳ್ಳಿ. ಮುಚ್ಚಳ ಬೇಡ. ಮುಚ್ಚಿದರೆ ಬೇಯಿಸಿದ ಜೋಳದ ವಾಸನೆ ಉಳಿದುಹೋಗುತ್ತೆ.

ಕುದಿ ಮುಗಿಯಲು 15 ನಿಮಿಷ ಇರುವಾಗ ಐರಿಷ್ ಮಾಸ್ ಒಂದು ಟೀ ಚಮಚ ಹಾಕಿ, ಅಥವಾ ವರ್ಲ್‌ಫ್ಲಾಕ್ ಮಾತ್ರೆ ಅರ್ಧ. ಇದು ಕಡಲ ಪಾಚಿ, ಪೂರ್ತಿ ಸಸ್ಯಾಹಾರ. ನಮ್ಮ ಅಜ್ಜನ ಊರಿನ ಆಲೆಮನೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ಬೆಂಡೆ ಗಿಡದ ಲೋಳೆ ಹಾಕುತ್ತಿದ್ದರು. ಆ ಲೋಳೆ ಕಸವನ್ನೆಲ್ಲ ಹಿಡಿದು ಮಡ್ಡಿಯಾಗಿ ಮೇಲೆ ತರುತ್ತಿತ್ತು, ಅದನ್ನು ಜಾಲರಿ ಸೌಟಿನಲ್ಲಿ ತೆಗೆದು ಹಾಕುತ್ತಿದ್ದರು. ಪಾಚಿಯ ಲೋಳೆಯೂ ಮಾಡೋದು ಹೆಚ್ಚುಕಡಿಮೆ ಅದನ್ನೇ. ಅಲ್ಲಿ ಮಡ್ಡಿ ತೇಲುತ್ತೆ, ಇಲ್ಲಿ ತಣ್ಣಗಾದ ಮೇಲೆ ತಳ ಸೇರುತ್ತೆ, ಅಷ್ಟೇ ವ್ಯತ್ಯಾಸ. ಜಾಸ್ತಿ ಹಾಕಿದರೆ ಜಾಸ್ತಿ ತಿಳಿ ಅಂದುಕೊಳ್ಳಬೇಡಿ. ತಳದಲ್ಲಿ ಹತ್ತಿ ಹಾಗೆ ಉಬ್ಬಿದ ಗಸಿ ನಿಂತು ಎರಡು ಲೀಟರ್ ಬಿಯರ್ ಅದರ ಪಾಲಾಗುತ್ತೆ.

ಕುದಿ ಆದ ಮೇಲೆ ಬೇಗ ತಣ್ಣಗೆ ಮಾಡಬೇಕು, ಇದೂ ಅಷ್ಟೇ ಮುಖ್ಯ. ನಿಧಾನಕ್ಕೆ ಆರಿದರೆ ಈ ಮಬ್ಬಿನ ಪ್ರೋಟೀನು ಸರಿಯಾಗಿ ಕಟ್ಟಿಕೊಳ್ಳದೆ ಬಿಯರಿನಲ್ಲೇ ಉಳಿಯುತ್ತೆ. ನಾನು ಇರೋದು ಶಿಕಾಗೋ ಪಕ್ಕ. ಜನವರಿಯಲ್ಲಿ ನಲ್ಲಿ ನೀರೇ ಕೈ ಕೊರೆಯುತ್ತೆ, ಆ ನೀರು ಹರಿಯುವ ತಾಮ್ರದ ಸುರುಳಿ ಪಾತ್ರೆಗೆ ಇಳಿಬಿಟ್ಟರೆ 20 ನಿಮಿಷದಲ್ಲಿ ಕೆಲಸ ಆಯ್ತು. ನಿಮ್ಮ ಟೆಕ್ಸಸ್ ಬೇಸಿಗೆಯಲ್ಲಿ ನಲ್ಲಿ ನೀರು ಸ್ನಾನಕ್ಕಾಗುವಷ್ಟು ಬೆಚ್ಚಗಿರುತ್ತೆ, ಅದರಿಂದ ಎಷ್ಟು ಹೊತ್ತಾದರೂ 30 ಡಿಗ್ರಿಗಿಂತ ಕೆಳಗೆ ಇಳಿಯಲ್ಲ. ಮೊದಲು ನಲ್ಲಿ ನೀರಿನಲ್ಲಿ 40 ಡಿಗ್ರಿವರೆಗೆ ಇಳಿಸಿ. ಆಮೇಲೆ ಬಕೆಟ್ಟಿನಲ್ಲಿ ಐಸು ನೀರು ತುಂಬಿ, ಕೊಳಕ್ಕೆ ಹಾಕುವ ಸಣ್ಣ ಪಂಪಿನಿಂದ ಅದನ್ನೇ ಸುರುಳಿಯಲ್ಲಿ ಸುತ್ತಿಸಿ. ಎರಡು ಚೀಲ ಐಸು ಸಾಕು. ಐಸನ್ನು ಮೊದಲೇ ಖರ್ಚು ಮಾಡಬೇಡಿ, ಕುದಿಯುವ ನೀರಿನ ಎದುರು ಅದು ಐದು ನಿಮಿಷ ನಿಲ್ಲಲ್ಲ.

ಚೊಗರಿನ ಕಡೆಯೂ ಒಂದು ಮಾತು. ಮ್ಯಾಶ್‌ನಿಂದ (ಬಿಸಿ ನೀರಲ್ಲಿ ನೆನೆಸಿದ ಬಾರ್ಲಿ ಮಾಲ್ಟ್) ಸಿಹಿ ತೆಗೆಯುವಾಗ ಮೇಲೆ ಸುರಿಯುವ ನೀರು 77 ಡಿಗ್ರಿ ದಾಟಬಾರದು. ಕೊನೆಯ ಹನಿವರೆಗೂ ಹಿಂಡಲು ಹೋಗಬೇಡಿ. ಟೀ ಪುಡಿಯನ್ನು ಮತ್ತೆ ಮತ್ತೆ ಕುದಿಸಿ ಹಿಂಡಿದರೆ ಏನು ಬರುತ್ತೆ? ಒಗರು. ಇಲ್ಲೂ ಅಷ್ಟೇ.

ಇನ್ನು ನೀವು ಕೇಳಿದ ‘ಏನು ಹಾಕಲಿ’. ಜೆಲಟಿನ್ ಪ್ರಾಣಿಯ ಚರ್ಮ, ಮೂಳೆಯಿಂದ ಬರುವುದು. ಐಸಿಂಗ್ಲಾಸ್ ಅಂತ ಇನ್ನೊಂದಿದೆ, ಅದು ಮೀನಿನ ಗಾಳಿಚೀಲ. ಬ್ರಿಟನ್ನಿನ ಪೀಪಾಯಿ ಬಿಯರುಗಳಿಗೆ ಇದನ್ನು ಹಾಕುವುದು ಹಳೇ ಪದ್ಧತಿ. ಗಿನ್ನೆಸ್ ಕಂಪನಿಯೂ ಬಹಳ ಕಾಲ ಬಳಸಿ, ಈಗ ಕೆಲ ವರ್ಷಗಳ ಹಿಂದೆ ಬಿಟ್ಟಿತು. ಬಿಯರ್ ಅಂದರೆ ಬಾರ್ಲಿ ನೀರು, ಅದರಲ್ಲೇನು ಮಾಂಸ ಅಂತ ನಮ್ಮ ಭಾವ ವಾದ ಮಾಡುತ್ತಿದ್ದರು. ಇದನ್ನು ಹೇಳಿದ ದಿನ ಅವರ ಮುಖ ನೋಡಬೇಕಿತ್ತು.

ನಿಮಗೆ ಎರಡು ವಸ್ತು ಸಾಕು. ಒಂದು ಕ್ಲಾರಿಟಿ ಫರ್ಮ್. ಇದೊಂದು ಕಿಣ್ವ, 19 ಲೀಟರಿಗೆ 10 ಮಿಲಿಯ ಒಂದು ಸಣ್ಣ ಶೀಶೆ. ಯೀಸ್ಟ್ ಹಾಕುವಾಗಲೇ ಜೊತೆಗೆ ಹಾಕಬೇಕು. ಮಬ್ಬು ಕಟ್ಟುವ ಪ್ರೋಟೀನನ್ನೇ ಕತ್ತರಿಸಿಬಿಡುತ್ತೆ. ಚಿಲ್ ಹೇಝ್‌ಗೆ ನನ್ನ ಅನುಭವದಲ್ಲಿ ಇದರಷ್ಟು ನೇರವಾದ ಮದ್ದು ಇಲ್ಲ. ಆದರೆ ಯೀಸ್ಟ್ ಮಬ್ಬಿಗೆ ಇದು ಏನೂ ಮಾಡಲ್ಲ, ಅದಕ್ಕೇ ಮೊದಲು ಪರೀಕ್ಷೆ ಮಾಡಿ ಅಂದಿದ್ದು. ಎರಡನೆಯದು ಬಯೋಫೈನ್ ಕ್ಲಿಯರ್. ಸಿಲಿಕಾ ದ್ರವ, ಪ್ರಾಣಿಯದೇನೂ ಇಲ್ಲ. ತಣ್ಣಗಾದ ಬಿಯರಿಗೆ ಶೀಶೆಯ ಮೇಲೆ ಬರೆದ ಅಳತೆಯಲ್ಲಿ ಹಾಕಿ. ಚೆನ್ನಾಗಿ ಬೆರೆಯಬೇಕು, ಆದರೆ ಗಾಳಿ ಸೇರುವಂತೆ ಕದಡಬಾರದು. ಪಾಲಿಕ್ಲಾರ್ ಅಂತ ಇನ್ನೊಂದು ಪುಡಿ ಇದೆ, ಅದು ಚೊಗರನ್ನು ಹಿಡಿಯುವ ಪ್ಲಾಸ್ಟಿಕ್ ಪುಡಿ. ಕೆಲಸ ಮಾಡುತ್ತೆ, ನನಗೆ ಮನಸ್ಸೊಪ್ಪಲಿಲ್ಲ.

ತಣ್ಣಗಿಡುವ ಅವಸರದಲ್ಲಿ ಒಂದು ತಪ್ಪು ಆಗುತ್ತೆ. ಹುದುಗು ನಿಂತ ಮರುದಿನವೇ ಫ್ರಿಜ್‌ಗೆ ತಳ್ಳಬೇಡಿ. ಯೀಸ್ಟ್ ತಾನು ಬಿಟ್ಟ ಡೈಯಾಸಿಟೈಲ್ ಅನ್ನೋ ಬೆಣ್ಣೆ ವಾಸನೆಯ ಅಂಶವನ್ನು ತಾನೇ ತಿಂದು ಮುಗಿಸಲು ಎರಡು ಮೂರು ದಿನ ಬೆಚ್ಚಗೆ ಬೇಕು. ಬೇಗ ತಣ್ಣಗೆ ಮಾಡಿದರೆ ಯೀಸ್ಟ್ ಮಲಗಿಬಿಡುತ್ತೆ, ಬಿಯರಿನಲ್ಲಿ ಬೆಣ್ಣೆ ವಾಸನೆ ಉಳಿಯುತ್ತೆ. ಬೆಣ್ಣೆ ದೋಸೆಗೆ ಚೆನ್ನ, ಬ್ಲಾಂಡ್ ಏಲ್‌ಗೆ ಅಲ್ಲ. ಆಮೇಲೆ 0ರಿಂದ 2 ಡಿಗ್ರಿಯಲ್ಲಿ ನಾಲ್ಕೈದು ದಿನ ಇಟ್ಟು, ತಣ್ಣಗಿರುವಾಗಲೇ ಬಾಟಲಿಗೆ ಇಳಿಸಿ. ಗ್ಯಾಸ್ ಕಟ್ಟಲು ಬೇಕಾದಷ್ಟು ಯೀಸ್ಟ್ ಕಣ್ಣಿಗೆ ಕಾಣದಿದ್ದರೂ ಅದರಲ್ಲಿ ಇರುತ್ತೆ. ಆ ಹೆದರಿಕೆ ಬೇಡ.

ತಣ್ಣಗಾಗುವಾಗ ಫರ್ಮೆಂಟರ್ (ಹುದುಗುವ ಪಾತ್ರೆ) ಒಳಗಿನ ಗಾಳಿ ಕುಗ್ಗಿ, ಹೊರಗಿನ ಗಾಳಿಯನ್ನು, ಗ್ಯಾಸ್ ಹೊರಬಿಡಲು ಮುಚ್ಚಳಕ್ಕೆ ಸಿಕ್ಕಿಸಿದ ಏರ್‌ಲಾಕ್‌ನಲ್ಲಿರುವ ನೀರನ್ನು ಒಳಗೆ ಎಳೆದುಕೊಳ್ಳುತ್ತೆ. ಹುದುಗುವಾಗ ಬರುವ ಗ್ಯಾಸನ್ನೇ ಹುಟ್ಟುಹಬ್ಬದ ಮಿರುಗು ಬಲೂನಿನಲ್ಲಿ ತುಂಬಿಟ್ಟುಕೊಂಡು, ತಣ್ಣಗೆ ಮಾಡುವಾಗ ಏರ್‌ಲಾಕ್ ಜಾಗಕ್ಕೆ ಅದನ್ನೇ ಸಿಕ್ಕಿಸಿ. ನೋಡೋಕೆ ತಮಾಷೆ, ಕೆಲಸಕ್ಕೆ ಪಕ್ಕಾ.

ಇಷ್ಟು ಹೇಳೋದಕ್ಕೆ ಕಾರಣ ನನ್ನದೇ ಒಂದು ಪಿಲ್ಸ್‌ನರ್. 1842ರಲ್ಲಿ ಬೊಹೀಮಿಯಾದ ಪ್ಲಜೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಮೊದಲ ಸಲ ಮಾಡಿದ ಆ ಹೊನ್ನಿನ ಬಣ್ಣದ ಬಿಯರ್ ಇದೆಯಲ್ಲ, ತಿಳಿ ಬಿಯರಿನ ಹುಚ್ಚು ನಮಗೆಲ್ಲ ಹತ್ತಿದ್ದು ಅಲ್ಲಿಂದಲೇ. ನಾನೂ ಹಾಗೇ ಮಾಡಬೇಕು ಅಂತ ಹೊರಟೆ. ಗರಾಜಿನಲ್ಲಿ ಏಳು ವಾರ ಇಟ್ಟೆ. ತೃಪ್ತಿಯಾಗಲಿಲ್ಲ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಫಿಲ್ಟರಿಗೆ, ಅಲ್ಲಿಂದ ಉಕ್ಕಿನ ಪೀಪಾಯಿ ಅಂದರೆ ಕೆಗ್‌ಗೆ, ಮೂರು ಸಲ ಸಾಗಿಸಿದೆ. ಲೋಟದ ಹಿಂದೆ ಪೇಪರ್ ಇಟ್ಟರೆ ಸಣ್ಣಕ್ಷರದ ಜಾಹೀರಾತು ಓದಬಹುದಿತ್ತು. ಹೆಂಡತಿಗೆ ತೋರಿಸಿದೆ, ಪಕ್ಕದ ಮನೆಯವರಿಗೆ ತೋರಿಸಿದೆ. ತಿಂಗಳಾದ ಮೇಲೆ ಸ್ಪರ್ಧೆಯಿಂದ ಚೀಟಿ ಬಂತು. ನೋಟಕ್ಕೆ 3ಕ್ಕೆ 3. ಒಟ್ಟು 24. ಕೆಳಗೆ ಒಂದು ಸಾಲು: ಒದ್ದೆ ರಟ್ಟಿನ ರುಚಿ. ಪ್ರತಿ ಸಲ ಸಾಗಿಸಿದಾಗಲೂ ಗಾಳಿ ಸೇರಿ ಬಿಯರ್ ಮುದಿಯಾಗಿತ್ತು. ಒಂದು ಅಂಕ ಉಳಿಸಲು ಹೋಗಿ ಹತ್ತು ಕಳೆದುಕೊಂಡೆ. ಅದಕ್ಕೇ ಹೇಳ್ತಿದೀನಿ, ತಿಳಿಯ ಕೆಲಸವನ್ನು ಆದಷ್ಟೂ ಯೀಸ್ಟ್ ಹಾಕುವ ಹೊತ್ತಿಗೇ ಮುಗಿಸಿಕೊಳ್ಳಿ. ಹುದುಗಿದ ಮೇಲೆ ಬಿಯರನ್ನು ಎಷ್ಟು ಕಡಿಮೆ ಮುಟ್ಟುತ್ತೀರೋ ಅಷ್ಟು ಒಳ್ಳೇದು.

ಅಮೆರಿಕದ ವರ್ಮಾಂಟ್ ಕಡೆಯ ಮಬ್ಬು ಐಪಿಎ (ಹಾಪ್ಸ್ ಜಾಸ್ತಿ ಹಾಕಿದ ಬಿಯರ್) ಮಾಡುವವರು ಇದನ್ನೆಲ್ಲ ಓದಿ ನಗುತ್ತಿರಬಹುದು. ನಗಲಿ. ಅವರ ಶೈಲಿಗೆ ಮಬ್ಬೇ ಬೇಕು, ಬ್ಲಾಂಡ್ ಏಲ್‌ಗೆ ಬೇಡ.

ಊರಿನಿಂದ ಈ ಗುಂಪು ನೋಡುತ್ತಿರುವವರಿಗೆ: ಇಲ್ಲಿ ಅಮೆರಿಕದಲ್ಲಿ 1978ರ ಕಾನೂನಿನಿಂದ ಮನೆ ಬಳಕೆಗೆ ಇಬ್ಬರು ವಯಸ್ಕರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್‌ವರೆಗೆ ತೆರಿಗೆ ಇಲ್ಲದೆ ಮಾಡಬಹುದು, ಮಾರುವಂತಿಲ್ಲ. ಕರ್ನಾಟಕದಲ್ಲಿ ಅಬಕಾರಿ ಪರವಾನಗಿ ಇಲ್ಲದೆ ಮನೆಯಲ್ಲಿ ಮಾಡುವುದು ಅಪರಾಧ. ಓದಿ ಸುಮ್ಮನಿರಿ.

ಗೆಳೆಯರೇ, ಇವತ್ತು ಸಂಜೆ ಲೋಟದ ಪರೀಕ್ಷೆ ಮಾಡಿ ಫೋಟೋ ಹಾಕಿ, ಬಗ್ಗಿಸಿದ ಕೂಡಲೇ ಒಂದು, ಮುಕ್ಕಾಲು ಗಂಟೆ ಬಿಟ್ಟು ಒಂದು. ಜೊತೆಗೆ ಕುದಿಗೆ ಮುಂಚೆ ಎಷ್ಟು ಲೀಟರ್ ಇತ್ತು, ಕುದಿ ಆದ ಮೇಲೆ ಎಷ್ಟು ಉಳಿಯಿತು ಅನ್ನೋದನ್ನೂ ಬರೆಯಿರಿ. ಗಂಟೆಗೆ ಎರಡು ಲೀಟರೂ ಇಳಿದಿಲ್ಲ ಅಂದರೆ ಕ್ಲಾರಿಟಿ ಫರ್ಮ್ ತರೋಕೆ ಮುಂಚೆ ಆ ಒಲೆ ವಿಷಯ ಮಾತಾಡೋಣ.