‘ನಮ್ಮವನೇ ಅಲ್ವಾ’ ಅಂದಾಗ: ಒಬ್ಬ ಹಾಡುಗಾರನ ಆಪ್ತಸಲಹೆ ಪ್ರಕರಣ

ಸಲಹೆಗೆ ಬಂದವನು 27ರ ಯುವಕ, ಮಂಗಳೂರಿನ ಹೊರವಲಯದವನು. ಹಾಡುತ್ತಾನೆ, ಗಿಟಾರ್ ನುಡಿಸುತ್ತಾನೆ. ಖಾಯಂ ಮೂವರು, ಜೊತೆಗೆ ಪ್ರೋಗ್ರಾಂ ಇದ್ದಾಗ ಸಂಬಳಕ್ಕೆ ಬರುವ ಒಬ್ಬ ಡ್ರಮ್ಮರ್, ಒಟ್ಟು ನಾಲ್ಕು ಜನರ ತಂಡ. ತುಳು, ಕನ್ನಡ, ಕೊಂಕಣಿಯಲ್ಲಿ ಸ್ವಂತ ಹಾಡುಗಳಿವೆ. ಹೊಟ್ಟೆಪಾಡು ಮಾತ್ರ ಮೆಹೆಂದಿ, ರೋಸ್ (ಕ್ರೈಸ್ತರಲ್ಲಿ ಮದುವೆಗೆ ಮೊದಲು ನಡೆಯುವ ಸಮಾರಂಭ), ಕಾಲೇಜ್ ಡೇ, ಮಲ್ಪೆ ಕಡೆಯ ರೆಸಾರ್ಟುಗಳ ಶನಿವಾರದ ಕಾರ್ಯಕ್ರಮಗಳಿಂದ. ಗುರುತು ಸಿಗದಂತೆ ವಯಸ್ಸು, ವಾದ್ಯ, ಮೊತ್ತಗಳನ್ನು ಬದಲಿಸಿದೆ. ಪ್ರಕಟಿಸಲು ಆತನ ಮತ್ತು ಆತನ ಗೆಳೆಯನ ಒಪ್ಪಿಗೆ ಇದೆ.

ಬಂದಾಗ ಹೇಳಿದ ತೊಂದರೆ ಇಷ್ಟು: ಕಾರ್ಯಕ್ರಮದ ದಿನ ಎದೆ ಡವಗುಟ್ಟುತ್ತದೆ, ಕೈ ತಣ್ಣಗಾಗುತ್ತದೆ, ವಾಕರಿಕೆ ಬರುತ್ತದೆ. ರಾತ್ರಿ ಮೂರಾದರೂ ಕಣ್ಣು ಮುಚ್ಚುವುದಿಲ್ಲ. ಹಾಡು ಬರೆದುಕೊಡುತ್ತಿದ್ದ, ಕೀಬೋರ್ಡ್ ನುಡಿಸುತ್ತಿದ್ದ ಗೆಳೆಯ ಎರಡು ತಿಂಗಳಿಂದ ಮಾತು ಬಿಟ್ಟಿದ್ದಾನೆ. “ನನಗೆ ಸ್ಟೇಜ್ ಫಿಯರ್ ಸುರುವಾಗಿದೆ, ಇನ್ನು ಇದು ನನ್ನಿಂದ ಆಗುವುದಿಲ್ಲ” ಎಂಬುದು ಆತನ ತೀರ್ಮಾನ. ಬಿಟ್ಟುಬಂದ ಕೆಲಸಕ್ಕೆ ವಾಪಸು ಸೇರಲೇ ಎಂದು ಮೊದಲ ದಿನವೇ ಕೇಳಿದ್ದ.

ಉತ್ತರ ಕೊಡುವ ಮೊದಲು ಎರಡು ವಾರ ಒಂದು ಪುಟ್ಟ ಪುಸ್ತಕದಲ್ಲಿ ಬರೆದಿಡಲು ಹೇಳಲಾಯಿತು: ಕಾರ್ಯಕ್ರಮದ ದಿನ ಗಂಟೆಗೊಮ್ಮೆ, ಹೆದರಿಕೆ ಹತ್ತರಲ್ಲಿ ಎಷ್ಟು, ಆಗ ಎಂತ ಮಾಡುತ್ತಿದ್ದೆ, ಯಾರ ಜೊತೆ ಮಾತಾಡುತ್ತಿದ್ದೆ. ಪುಸ್ತಕ ತೆರೆದಾಗ ಆತನ ತೀರ್ಮಾನವೇ ಸುಳ್ಳಾಯಿತು. ಹಾಡಲು ಶುರು ಮಾಡಿ ಎರಡನೇ ಹಾಡಿಗೆ ಹೆದರಿಕೆ ಎರಡಕ್ಕೆ ಇಳಿಯುತ್ತಿತ್ತು. ಎಂಟು, ಒಂಬತ್ತು ಇದ್ದದ್ದು ಮೂರು ಹೊತ್ತಿನಲ್ಲಿ: ಆಯೋಜಕರ ಫೋನ್ ಬಂದಾಗ, ಸಂಜೆ ಆರಕ್ಕೆ ಸೌಂಡಿನವರ ಜೊತೆ ವಯರ್ ಜೋಡಿಸುವಾಗ, ಮತ್ತು ರಾತ್ರಿ ಹಣ ಕೇಳಬೇಕಾದ ಹೊತ್ತಿಗೆ. ಸಭಿಕರೆದುರು ಹುಟ್ಟುವ ಭಯದ ಏರಿಳಿತ ಹೀಗಿರುವುದಿಲ್ಲ. ಹಾಗಾಗಿ ವೇದಿಕೆ ಭಯಕ್ಕೆ ಕೊಡುವ ಅಭ್ಯಾಸಗಳನ್ನು ಪಕ್ಕಕ್ಕಿಟ್ಟು ಈ ಮೂರು ಹೊತ್ತುಗಳನ್ನೇ ಒಂದೊಂದಾಗಿ ಬಿಡಿಸಬೇಕಾಯಿತು.

ಅದಕ್ಕೂ ಮೊದಲು ಒಂದು ತುರ್ತು ವಿಷಯವಿತ್ತು. ಪರಿಚಯದವರೊಬ್ಬರು ಕೊಟ್ಟ ಪ್ರೊಪ್ರನೊಲಾಲ್ ಮಾತ್ರೆಯನ್ನು ಆತ ಕಾರ್ಯಕ್ರಮದ ದಿನ ನುಂಗುತ್ತಿದ್ದ. ಎದೆಬಡಿತ ತಗ್ಗಿಸುವ ಈ ಮಾತ್ರೆ ಸಂಗೀತಗಾರರ ನಡುವೆ ಕೈಯಿಂದ ಕೈಗೆ ಓಡಾಡುವುದುಂಟು. ಆತನಿಗೆ ಚಿಕ್ಕಂದಿನಿಂದ ಉಬ್ಬಸ. ಉಬ್ಬಸವಿದ್ದವರಿಗೆ ಈ ಮಾತ್ರೆ ಶ್ವಾಸನಾಳವನ್ನು ಬಿಗಿದು ಜೀವಕ್ಕೇ ತೊಂದರೆ ತರಬಹುದು. ಕಾರ್ಯಕ್ರಮದ ದಿನ ಮಾತ್ರ ತೆಗೆದುಕೊಳ್ಳುತ್ತಿದ್ದರಿಂದ ಇನ್ನು ಮುಟ್ಟಬೇಡ ಎಂದು ಹೇಳಿ, ಅದೇ ವಾರ ವೈದ್ಯರಲ್ಲಿಗೆ ಕಳುಹಿಸಲಾಯಿತು. ದಿನವೂ ನುಂಗುವವರು ಹೀಗೆ ತಟ್ಟನೆ ನಿಲ್ಲಿಸಬಾರದು, ವೈದ್ಯರನ್ನು ಕೇಳಿಯೇ ಇಳಿಸಬೇಕು. ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಮರುದಿನವೂ ಉಳಿಯುತ್ತದೆ ಎಂದದ್ದರಿಂದ ಕಿವಿ-ಮೂಗು-ಗಂಟಲು ತಜ್ಞರಿಗೂ ತೋರಿಸಲು ಹೇಳಲಾಯಿತು. 100 ಡೆಸಿಬೆಲ್ ಸದ್ದಿನಲ್ಲಿ ಕಿವಿಗೆ ಸುರಕ್ಷಿತವಾದ ಹೊತ್ತು ದಿನಕ್ಕೆ ಸುಮಾರು 15 ನಿಮಿಷ ಮಾತ್ರ. ಡ್ರಮ್ಮಿನ ಪಕ್ಕ ಎರಡೂವರೆ ಗಂಟೆ ನಿಲ್ಲುವವನಿಗೆ ಇಯರ್‌ಪ್ಲಗ್ ಬೇಕೇ ಬೇಕು.

ಸಂಜೆ ಆರರ ಹೆದರಿಕೆಗೆ ಗಟ್ಟಿ ಕಾರಣವೇ ಇತ್ತು. ಬೀಚ್ ಬದಿಯ ಒಂದು ಕಾರ್ಯಕ್ರಮದಲ್ಲಿ ಮೈಕ್ ತುಟಿಗೆ ತಾಗಿ ಶಾಕ್ ಹೊಡೆದಿತ್ತು. ಗಿಟಾರ್ ಆಂಪ್ಲಿಫೈಯರಿಗೆ ಕರೆಂಟ್ ಒಂದು ಲೈನಿನಿಂದ, ಮೈಕ್ ಜೋಡಿಸಿದ ಮಿಕ್ಸರಿಗೆ ಜನರೇಟರಿನಿಂದ, ಕಾಲಡಿ ಒದ್ದೆ ಮರಳು. ಎರಡರ ಅರ್ತಿಂಗ್ ಬೇರೆ ಬೇರೆಯಾದಾಗ ಗಿಟಾರ್ ತಂತಿ ಹಿಡಿದವನ ಮೈಯೇ ನಡುವಿನ ವಯರ್ ಆಗುತ್ತದೆ. ಇಂಥ ಭಯವನ್ನು ಉಸಿರಾಟದ ಅಭ್ಯಾಸದಿಂದ ತಣಿಸಲು ಹೋಗಬಾರದು, ಕಾರಣವನ್ನೇ ತೆಗೆಯಬೇಕು. ವೇದಿಕೆಯ ಎಲ್ಲ ಉಪಕರಣಗಳಿಗೂ ಒಂದೇ ಬೋರ್ಡಿನಿಂದ ಕರೆಂಟ್, ಅದಕ್ಕೆ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಟ್ಟನೆ ಲೈನ್ ಕಡಿಯುವ ಸ್ವಿಚ್). ಸ್ಪೀಕರಿನ ಗುಂಯ್ ಸದ್ದು ಹೋಗಲೆಂದು ಅರ್ತ್ ಪಿನ್ ಮುರಿಯುವ ಅಭ್ಯಾಸ ನಮ್ಮಲ್ಲಿ ತುಂಬಾ ಇದೆ, ಅದಕ್ಕೆ ಎಂದೂ ಒಪ್ಪಬಾರದು. ಕಾಲಿಗೆ ರಬ್ಬರ್ ಅಡಿಯ ಬೂಟು. ಮೈಕ್ ಮುಟ್ಟುವ ಮೊದಲು ಮಲ್ಟಿಮೀಟರಿನಲ್ಲಿ ಮೈಕಿನ ಜಾಲರಿಗೂ ಗಿಟಾರ್ ತಂತಿಗೂ ನಡುವೆ ಎ.ಸಿ. ವೋಲ್ಟ್ ನೋಡುವುದು. ಸೊನ್ನೆಯ ಹತ್ತಿರ ಇಲ್ಲದಿದ್ದರೆ ಎಲೆಕ್ಟ್ರಿಷಿಯನ್ ಬಂದು ಸರಿಮಾಡುವವರೆಗೆ ಹಾಡುವುದಿಲ್ಲ. ಈ ಮಾತನ್ನು ಸೌಂಡಿನವರಿಗೆ ತಂಡದಿಂದ ಒಬ್ಬನೇ ಹೇಳಬೇಕು. ನಾಲ್ಕು ಜನ ನಾಲ್ಕು ಹೇಳಿದರೆ ಅವರು ಯಾರ ಮಾತನ್ನೂ ಕೇಳುವುದಿಲ್ಲ.

ಉಳಿದ ಎರಡು ಹೊತ್ತು, ಅಂದರೆ ಫೋನ್ ಮತ್ತು ಹಣ, ಈ ಪ್ರಕರಣದ ತಿರುಳು. ಒಂದು ಮೆಹೆಂದಿಯ ಲೆಕ್ಕವನ್ನು ಆತನಿಂದಲೇ ಬರೆಯಿಸಲಾಯಿತು. ಮಾತಾದದ್ದು 20,000 ರೂಪಾಯಿ, ಕೈಗೆ ಬಂದದ್ದು 15,000. ಸಭೆ, ಸನ್ಮಾನ ಎಳೆದು ಇವರ ಸರದಿ ಬರುವಾಗ ಎಂಟೂಮುಕ್ಕಾಲು. ತೆರೆದ ಜಾಗದಲ್ಲಿ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲವಾದ್ದರಿಂದ ಒಂದೂಕಾಲು ಗಂಟೆಯಲ್ಲಿ ಮುಗಿಸಬೇಕಾಯಿತು. “ಸ್ವಲ್ಪವೇ ಹಾಡಿದ್ದಲ್ವಾ, ನಮ್ಮವನೇ ಅಲ್ವಾ, ಉಳಿದದ್ದು ಮತ್ತೆ ನೋಡುವ” ಎಂದರು ಮನೆಯವರು. ಟೆಂಪೋಗೆ 3,000, ಡ್ರಮ್ಮರಿಗೆ 3,500, ಪ್ರಾಕ್ಟೀಸ್ ರೂಮಿಗೆ 900, ತಂತಿ-ಬ್ಯಾಟರಿಗೆ 600, ಊಟಕ್ಕೆ 1,000. ಒಟ್ಟು 9,000. ಉಳಿದ 6,000ವನ್ನು ಗೆಳೆಯನಿಗೂ ಬಾಸ್ ಗಿಟಾರಿನವನಿಗೂ ಮಾತು ಕೊಟ್ಟಂತೆ ತಲಾ 3,000 ಹಂಚಿದ. ತನಗೆ ಏನೂ ಇಲ್ಲ. ಇಂಥ ಕಾರ್ಯಕ್ರಮ ಆ ಸೀಸನ್ನಿನಲ್ಲಿ ಇದೊಂದೇ ಅಲ್ಲ.

ಈ ಲೆಕ್ಕವನ್ನು ಆತ ಯಾರಿಗೂ ತೋರಿಸಿರಲಿಲ್ಲ. ನಾಚಿಕೆ. ತಂಡ ಕಟ್ಟಿದವನು ತಾನು, ರೇಟು ಮಾತಾಡಲು ಬರುವುದಿಲ್ಲ ಎಂದು ಒಪ್ಪಿಕೊಳ್ಳುವುದು ಹೇಗೆ ಎಂಬ ಸಂಕಟ. ಅತ್ತ ಗೆಳೆಯನ ಮನಸ್ಸಿನಲ್ಲಿ ಬೇರೆಯೇ ಲೆಕ್ಕ: 20,000ಕ್ಕೆ ಮಾತಾಗಿದೆ, ನನಗೆ ಕೊಟ್ಟದ್ದು 3,000, ಉಳಿದದ್ದೆಲ್ಲ ಇವನೇ ಇಟ್ಟುಕೊಂಡಿದ್ದಾನೆ. ಊರಲ್ಲಿ ಆಯೋಜಕರೆಲ್ಲ ಯಾರದೋ ಮಾವ, ಯಾರದೋ ಕ್ಲಾಸ್‌ಮೇಟ್. ಅವರ ಹತ್ತಿರ ಹಣದ ಮಾತು ಎತ್ತುವುದೇ ಮರ್ಯಾದೆಗೇಡು ಎಂದು ನಂಬಿದವನು ಕೊನೆಗೆ ತನ್ನ ಗೆಳೆಯನ ಹತ್ತಿರವೂ ಎತ್ತಲಾರದೆ ಹೋಗುತ್ತಾನೆ. ಕರಾವಳಿಯ ಸಣ್ಣ ತಂಡಗಳು ಒಡೆಯುವುದು ಹೆಚ್ಚಾಗಿ ಈ ಮೌನದಿಂದಲೇ ಎಂಬುದು ಈ ಕೆಲಸದಲ್ಲಿ ಮತ್ತೆ ಮತ್ತೆ ಕಂಡದ್ದು.

ಕೊಟ್ಟ ಸಲಹೆಯ ಮೊದಲ ಭಾಗ: ಫೋನಿನಲ್ಲಿ ಎಂದೂ ಮೊತ್ತ ಹೇಳಬಾರದು. “ಅಣ್ಣ, ನಿಮ್ಮ ಮನೆ ಪ್ರೋಗ್ರಾಂ ಅಂದ್ರೆ ಖುಷಿಯೇ. ಡೇಟ್ ನೋಡಿ ರಾತ್ರಿ ವಾಟ್ಸಾಪಿನಲ್ಲಿ ಎಲ್ಲ ಬರೆದು ಹಾಕ್ತೇನೆ ಆಯ್ತಾ” ಎಂದು ಇಡಬೇಕು. ಈ ಒಂದು ವಾಕ್ಯವನ್ನು ಕುಳಿತಲ್ಲೇ ಹಲವು ಸಲ ಹೇಳಿಸಲಾಯಿತು. ಎದುರು ಕೂತವರು ಆಯೋಜಕರಾಗಿ ಒತ್ತಾಯಿಸುವುದು, ಆತ ದನಿ ಏರಿಸದೆ ಅದನ್ನೇ ಹೇಳುವುದು. ಮೊದಮೊದಲು ಮಾತಿನ ಕೊನೆಗೆ “ಪರವಾಗಿಲ್ಲ, ನೀವು ಕೊಟ್ಟದ್ದು ಕೊಡಿ” ಎಂದು ಜಾರುತ್ತಿದ್ದ. ಆ ಬಾಲ ಕತ್ತರಿಸಲು ಬಹಳ ಹೊತ್ತು ಬೇಕಾಯಿತು. ವಾಟ್ಸಾಪಿನ ಬರಹ ಹೀಗೆ:

“ನಮಸ್ಕಾರ ಅಣ್ಣ. ಮೇ 10ರ ಮೆಹೆಂದಿಗೆ ನಾವು 4 ಜನ ಬರ್ತೇವೆ, ಸಂಜೆ 7.30ರಿಂದ 10ರವರೆಗೆ. ಸಂಭಾವನೆ 20,000, ಟೆಂಪೋ ಬಾಡಿಗೆ ಬೇರೆ 3,000. ಡೇಟ್ ಫಿಕ್ಸ್ ಮಾಡ್ಲಿಕ್ಕೆ 8,000 ಅಡ್ವಾನ್ಸ್, ಉಳಿದದ್ದು ಅವತ್ತು ಸೌಂಡ್ ಚೆಕ್ ಆದ ಕೂಡಲೇ. ಬೇರೆ ಕಾರ್ಯಕ್ರಮ ಲೇಟಾಗಿ ನಮಗೆ ಟೈಮ್ ಕಡಿಮೆ ಸಿಕ್ಕಿದ್ರೂ ಮೊತ್ತ ಅದೇ. ಸೌಂಡ್ ನಿಮ್ಮ ಕಡೆಯಿಂದ, ಬೇಕಾದದ್ದರ ಪಟ್ಟಿ ಕೆಳಗೆ ಉಂಟು. ಅವತ್ತು ಪೇಮೆಂಟ್ ಯಾರ ಹತ್ರ ಕೇಳ್ಬೇಕು ಅಂತ ಒಂದು ನಂಬರ್ ಕೊಡಿ. ಸರಿ ಅಂತಾದ್ರೆ ‘ಓಕೆ’ ಹಾಕಿ.”

ಕೊನೆಯ ನಂಬರ್ ತುಂಬಾ ಮುಖ್ಯ. ಮೆಹೆಂದಿ ರಾತ್ರಿ ಮದುಮಗಳ ಅಪ್ಪನಿಗೆ ನಿಲ್ಲಲು ಪುರುಸೊತ್ತಿರುವುದಿಲ್ಲ, ಅವರನ್ನು ಹುಡುಕಿಕೊಂಡು ಊಟದ ಸಾಲಿನ ಬಳಿ ಕಾಯುವುದರಲ್ಲೇ ಆತನ ಅರ್ಧ ಹೆದರಿಕೆ ಇತ್ತು. ಸೌಂಡಿನ ಪಟ್ಟಿಯೂ ಅಷ್ಟೇ ನೇರ: 12 ಚಾನಲಿನ ಮಿಕ್ಸರ್, ಹಾಡಲು 3 ಮೈಕ್, ಗಿಟಾರ್-ಬಾಸ್-ಕೀಬೋರ್ಡಿಗೆ ಒಟ್ಟು 4 ಡಿ.ಐ. ಬಾಕ್ಸ್ (ವಾದ್ಯವನ್ನು ನೇರ ಮಿಕ್ಸರಿಗೆ ಜೋಡಿಸುವ ಪೆಟ್ಟಿಗೆ; ಕೀಬೋರ್ಡ್ ಸ್ಟೀರಿಯೋ ಆದ್ದರಿಂದ ಅದಕ್ಕೆ ಎರಡು), ಡ್ರಮ್ಮಿಗೆ 4 ಮೈಕ್, 3 ಮಾನಿಟರ್ (ಹಾಡುವವರಿಗೇ ಕೇಳಿಸಲು ಇಡುವ ಸ್ಪೀಕರ್), ಸೌಂಡ್ ಚೆಕ್ಕಿಗೆ 45 ನಿಮಿಷ. ರೆಸಾರ್ಟ್, ಹೋಟೆಲಿನಲ್ಲಿ ಸಿನಿಮಾ ಹಾಡು ಹಾಡುವುದಿದ್ದರೆ ಅದರ ಪರವಾನಗಿ ಆಯೋಜಕರ ಹೊಣೆ ಎಂದು ಒಂದು ಸಾಲು ಸೇರಿಸಬೇಕು.

ಕಡಿಮೆ ಮಾಡಿ ಎಂದರೆ? ಮೊತ್ತ ಇಳಿಸುವ ಬದಲು ಕೊಡುವುದನ್ನು ಇಳಿಸಬೇಕು. “12,000ಕ್ಕಾದರೆ ನಾವಿಬ್ಬರು ಬರ್ತೇವೆ, ಗಿಟಾರ್ ಮತ್ತು ಕೀಬೋರ್ಡ್, ಒಂದೂವರೆ ಗಂಟೆ.” ಬಿಟ್ಟಿ ಕಾರ್ಯಕ್ರಮವನ್ನು ಪೂರ್ತಿ ಬಿಡಬೇಕಿಲ್ಲ. ಊರ ದೇವಸ್ಥಾನ, ಕಲಿತ ಶಾಲೆ ಎಂದರೆ ಇಲ್ಲಿ ಇಲ್ಲ ಎನ್ನಲಾಗದು, ಎನ್ನಬೇಕಾಗಿಯೂ ಇಲ್ಲ. ವರ್ಷಕ್ಕೆ ಇಂತಿಷ್ಟು ಎಂದು ಮೊದಲೇ ತಂಡ ಕೂತು ತೀರ್ಮಾನಿಸಿ, ಹೋಗಿಬರುವ ಖರ್ಚು ಮಾತ್ರ ಕೇಳುವುದು.

ಎರಡನೇ ಭಾಗ ಗೆಳೆಯನದ್ದು. ಆತನ ಸಿಟ್ಟಿಗೆ ಹಣದ ಜೊತೆ ಇನ್ನೊಂದು ಕಾರಣವಿತ್ತು. ಆತ ಬರೆದ ತುಳು ಹಾಡನ್ನು ಗಾಯಕ ತನ್ನೊಬ್ಬನ ಖಾತೆಯಿಂದ ಸ್ಪಾಟಿಫೈ, ಯೂಟ್ಯೂಬಿಗೆ ಹಾಕಿದ್ದ. ಗೀತರಚನೆಯ ಜಾಗ ಖಾಲಿ. ಅವಸರದಲ್ಲಿ ಬಿಟ್ಟುಹೋದದ್ದು, ಬೇಕೆಂದು ಮಾಡಿದ್ದಲ್ಲ. ಆದರೆ ತನ್ನ ಮಾತುಗಳನ್ನು ಜನ ಹಾಡುತ್ತಿರುವಾಗ ಹೆಸರೇ ಇಲ್ಲದವನಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿದಾಗ ಹಳೆಯ ಮಾತು ಕೆದಕುವ ಮೊದಲು ಆ ಸೀಸನ್ನಿನ ಎಲ್ಲ ಕಾರ್ಯಕ್ರಮಗಳ ಲೆಕ್ಕ ಮೇಜಿನ ಮೇಲಿಡಲು ಹೇಳಲಾಯಿತು. ಗೆಳೆಯ ಎರಡು ಸಲ ಕೂಡಿಸಿ ನೋಡಿದ. “ನಿನಗೆ ಒಂದು ಪೈಸೆ ಉಳಿಯಲಿಲ್ಲವಾ? ಹೇಳ್ಬಾರ್ದಿತ್ತಾ ಮಾರಾಯ” ಎಂದ. ಆಮೇಲೆಯೇ ಹಾಡಿನ ವಿಷಯಕ್ಕೆ ಬಂದದ್ದು. ಈ ಕ್ರಮ ತಪ್ಪಿದರೆ, ಹೆಸರಿನ ಜಗಳ ಮೊದಲು ಬಂದರೆ, ಲೆಕ್ಕ ತೋರಿಸಿದರೂ ನೆಪದಂತೆ ಕೇಳುತ್ತದೆ.

ಹಾಡಿಗೆ ಒಂದು ಪುಟದ ಹಂಚಿಕೆ ಪತ್ರ ಬರೆದು ಇಬ್ಬರೂ ಸಹಿ ಹಾಕಿದರು. ಅದರಲ್ಲಿ ಎರಡು ವಿಭಾಗ ಬೇರೆ ಬೇರೆ ಇರಬೇಕು, ಜನ ಎಡವುವುದು ಇಲ್ಲೇ. ಒಂದು, ಹಾಡು: ಸಾಹಿತ್ಯ 50, ರಾಗಸಂಯೋಜನೆ 50. ಇನ್ನೊಂದು, ಧ್ವನಿಮುದ್ರಣ: ಸ್ಟುಡಿಯೋ ಖರ್ಚು ಹಾಕಿದವರದ್ದು. ಅದನ್ನು ಗಾಯಕನೇ ಕೊಟ್ಟಿದ್ದ, ಹಾಗಾಗಿ ಖರ್ಚು ವಾಪಸು ಬರುವವರೆಗೆ ಅವನಿಗೆ, ನಂತರ ಸಮಪಾಲು ಎಂದು ಅವರೇ ತೀರ್ಮಾನಿಸಿದರು. ಹೆಸರು ಸೇರಿಸಲು ಹಾಡನ್ನು ತೆಗೆದು ಹೊಸದಾಗಿ ಹಾಕಬಾರದು. ಹಾಡನ್ನು ಸ್ಪಾಟಿಫೈಯಂಥ ಕಡೆಗೆ ತಲುಪಿಸುವ ವಿತರಕರ ಖಾತೆಯಲ್ಲಿ ವಿವರ ತಿದ್ದಿ, ಪ್ರತಿ ಧ್ವನಿಮುದ್ರಣಕ್ಕೂ ಇರುವ 12 ಅಕ್ಷರ-ಅಂಕಿಗಳ ಗುರುತು, ಅಂದರೆ ಹಳೆಯ ಐ.ಎಸ್.ಆರ್.ಸಿ. ಸಂಖ್ಯೆಯನ್ನೇ ಉಳಿಸಿಕೊಳ್ಳಬೇಕು. ಹೊಸ ಸಂಖ್ಯೆ ಬಿದ್ದರೆ ಕೇಳಿದವರ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಒಂದು ಹಾಡು 1,000 ಸಲವಾದರೂ ಕೇಳಿಸದಿದ್ದರೆ ಹಣವೇ ಬರುವುದಿಲ್ಲ, ಹಾಗಾಗಿ ಆ ಎಣಿಕೆ ಕಳೆದುಕೊಳ್ಳುವಂಥದ್ದಲ್ಲ. ಸಾಹಿತ್ಯ ಬರೆದವನೂ ರಾಗ ಹಾಕಿದವನೂ ಹಾಡು ಬರೆದವರ, ರಾಗ ಹಾಕಿದವರ ಪರವಾಗಿ ರಾಯಲ್ಟಿ ವಸೂಲು ಮಾಡುವ, 1969ರಲ್ಲಿ ಸ್ಥಾಪನೆಯಾದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿಯಲ್ಲಿ ಬೇರೆ ಬೇರೆಯಾಗಿ ಸದಸ್ಯರಾಗಿ ಹಾಡನ್ನು ನೋಂದಾಯಿಸಬೇಕು. ನಾಳೆ ಯಾವುದಾದರೂ ಕಂಪನಿ ಹಾಡು ಕೇಳಿಕೊಂಡು ಬಂದರೆ ಬರೀ ಬಾಯಿಮಾತು ಸಾಲದು: 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕು ವರ್ಗಾವಣೆ ಬರಹದಲ್ಲಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಅದು ಐದು ವರ್ಷ ಎಂದೇ ಅರ್ಥ.

ಆದಾಯದ ಹೆದರಿಕೆಗೆ ಕ್ಯಾಲೆಂಡರೇ ಮದ್ದು. ಇಲ್ಲಿ ನವೆಂಬರಿನಿಂದ ಮೇವರೆಗೆ ಕೆಲಸ. ಅದರ ನಡುವೆಯೂ ಈಸ್ಟರಿಗೆ ಮೊದಲು ಬರುವ ಕ್ರೈಸ್ತರ ತಪಸ್ಸು ಕಾಲದಲ್ಲಿ ರೋಸ್, ಮದುವೆಗಳಿಲ್ಲ. ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು ಮಳೆ ಹಿಡಿದರೆ ಬಯಲು ಕಾರ್ಯಕ್ರಮ ನಿಲ್ಲುತ್ತವೆ, ಆಟಿಯಲ್ಲಿ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮದುವೆಯೂ ಇಲ್ಲ. ಆದ್ದರಿಂದ ಸೀಸನ್ನಿನ ಪ್ರತಿ ಕಾರ್ಯಕ್ರಮದ ತನ್ನ ಪಾಲಿನಲ್ಲಿ ನೂರಕ್ಕೆ 30 ಬೇರೆ ಖಾತೆಗೆ, ಮಳೆಗಾಲಕ್ಕೆ ಗಿಟಾರ್ ಪಾಠ. ಏಪ್ರಿಲಿನ ಗಳಿಕೆ ನೋಡಿ ಸಾಲಕ್ಕೆ ಉಪಕರಣ ಕೊಳ್ಳಬಾರದು, ಕಂತು ಬರುವುದು ಆಟಿಯಲ್ಲಿ. ಕೆಲಸಕ್ಕೆ ವಾಪಸು ಹೋಗುವ ಪ್ರಶ್ನೆಯನ್ನು ಕೆಟ್ಟ ತಿಂಗಳೊಂದರಲ್ಲಿ ತೀರ್ಮಾನಿಸಬೇಡ, ಒಂದು ಪೂರ್ತಿ ವರ್ಷದ ಲೆಕ್ಕ ಕೈಯಲ್ಲಿಟ್ಟುಕೊಂಡು ಮನೆಯವರ ಜೊತೆ ಕೂರು ಎಂದು ಹೇಳಲಾಯಿತು.

ನಿದ್ರೆಗೆ: ಸಂಜೆ ನಾಲ್ಕರ ನಂತರ ಕಾಫಿ ಇಲ್ಲ, ಕಾರ್ಯಕ್ರಮ ಮುಗಿದ ಮೇಲೆ ಕುಡಿತವಿಲ್ಲ, ಮರುದಿನ ಎಷ್ಟೇ ತಡವಾಗಿ ಮಲಗಿದರೂ ಒಂಬತ್ತಕ್ಕೆ ಏಳುವುದು.

ಆರು ತಿಂಗಳ ನಂತರದ ಸ್ಥಿತಿ: ಹೆದರಿಕೆಯ ಅಂಕಿ ಮೂರು, ನಾಲ್ಕರಲ್ಲಿದೆ. ಇಬ್ಬರು ಆಯೋಜಕರು ಬರಹ ನೋಡಿ ಮತ್ತೆ ಕರೆಯಲಿಲ್ಲ. ಒಬ್ಬರು ಮನೆಗೇ ಬಂದು ತಾಯಿಯ ಹತ್ತಿರ “ನಿಮ್ಮ ಮಗ ದೊಡ್ಡ ಜನ ಆದ” ಎಂದು ಬೇಸರಪಟ್ಟರು. ಅದು ಆತನಿಗೆ ನೋವಾಗಿದೆ, ಆ ನೋವಿನ ಬಗ್ಗೆ ಇನ್ನೂ ಮಾತು ನಡೆದಿದೆ. ಬಾಸ್ ಗಿಟಾರಿನವನು ತಂಡ ಬಿಟ್ಟ. ಗೆಳೆಯ ಹಾಡು ಬರೆಯುತ್ತಾನೆ, ವೇದಿಕೆಗೆ ದೊಡ್ಡ ಕಾರ್ಯಕ್ರಮಗಳಿಗೆ ಮಾತ್ರ ಬರುತ್ತಾನೆ, ಮೊದಲಿನ ಹಾಗೆ ಎಲ್ಲದಕ್ಕೂ ಅಲ್ಲ.

ಕೈಗೆ ಕೆಲಸವಿಲ್ಲದ ಆಟಿಯ ವಾರಗಳಲ್ಲಿ ಮತ್ತೊಮ್ಮೆ ಬರಲು ಹೇಳಲಾಗಿದೆ. ಎರಡು ವಾರ ಸತತ ನಿದ್ರೆ ಕೆಟ್ಟರೆ, ಗಿಟಾರ್ ಮುಟ್ಟುವ ಮನಸ್ಸೇ ಹೋದರೆ ಅಷ್ಟರವರೆಗೆ ಕಾಯದೆ ಮನೋವೈದ್ಯರನ್ನು ಕಾಣಬೇಕು. ಸಾಯುವ ಯೋಚನೆ ಒಂದು ಸಲ ಬಂದರೂ ಅದೇ ಹೊತ್ತಿಗೆ ಮನೆಯವರಿಗೆ ಹೇಳಬೇಕು, ಹಗಲೂ ರಾತ್ರಿಯೂ ಉಚಿತವಾಗಿ ಸಿಗುವ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬೇಕು. ಆ ಸಂಖ್ಯೆಯನ್ನು ಗೆಳೆಯನ ಫೋನಿನಲ್ಲೂ ಹಾಕಿಸಿದೆ.