ಧೂಳೆಲ್ಲ ನಕ್ಷತ್ರದೊಳಗೆ ಯಾಕೆ ಬೀಳಲಿಲ್ಲ?

ಪ್ರಶ್ನೆ: ಅನಿಲ ಮತ್ತು ಧೂಳಿನ ಮೋಡ ತನ್ನದೇ ಗುರುತ್ವದಿಂದ ಕುಸಿದು ನಕ್ಷತ್ರವಾಗುತ್ತದೆ ಎಂದು ಓದಿದೆ. ಹಾಗಾದರೆ ಎಲ್ಲವೂ ನಡುವಿಗೇ ಬೀಳಬೇಕಿತ್ತು, ಅಲ್ವಾ? ಗ್ರಹಗಳಿಗೆ ಉಳಿದದ್ದು ಹೇಗೆ?

ಉತ್ತರ: ತುಂಬಾ ಒಳ್ಳೆಯ ಪ್ರಶ್ನೆ. ನಿಜಕ್ಕೂ ಬಹುಪಾಲು ನಡುವಿಗೇ ಬಿತ್ತು. ನಮ್ಮ ಸೌರವ್ಯೂಹದ ದ್ರವ್ಯದಲ್ಲಿ ಶೇ 99.8ಕ್ಕಿಂತ ಜಾಸ್ತಿ ಸೂರ್ಯನಲ್ಲೇ ಇದೆ. ಗುರು, ಶನಿ, ಭೂಮಿ, ನಾವು ನೀವು ಎಲ್ಲ ಸೇರಿ ಮಿಕ್ಕ ಚೂರು. ಆ ಚೂರನ್ನು ಉಳಿಸಿದ್ದು ಮೋಡದ ತಿರುಗುವಿಕೆ.

ಈ ಮೋಡಗಳ ಒಳಭಾಗ ವಿಪರೀತ ತಣ್ಣಗಿರುತ್ತದೆ, ಮೈನಸ್ 263 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅನಿಲ ಬಿಸಿಯಿದ್ದರೆ ಹಿಗ್ಗಿ ಗುರುತ್ವಕ್ಕೆ ಎದುರು ನಿಲ್ಲುತ್ತದೆ. ತಣ್ಣಗಿದ್ದರೆ ಆ ಬಲವಿಲ್ಲ, ದಟ್ಟವಾದ ಕಡೆ ಕುಸಿಯತೊಡಗುತ್ತದೆ. ಮೋಡ ಮೊದಲೇ ಬಹಳ ನಿಧಾನವಾಗಿ ತಿರುಗುತ್ತಿರುತ್ತದೆ. ಕುಗ್ಗಿದಷ್ಟೂ ವೇಗ ಏರುತ್ತದೆ. ಹುಡುಗಿಯರು ಕೈಕೈ ಹಿಡಿದು ಫುಗಡಿ ಆಡುವಾಗ ಹತ್ತಿರ ಬಂದಷ್ಟೂ ಜೋರಾಗಿ ಸುತ್ತುತ್ತಾರಲ್ಲ, ಹಾಗೆಯೇ. ಈ ಸುತ್ತು ಪಕ್ಕದಿಂದ ಒಳಗೆ ಬೀಳುವುದನ್ನು ತಡೆಯುತ್ತದೆ, ಮೇಲಿಂದ ಕೆಳಗೆ ಬೀಳುವುದನ್ನು ತಡೆಯುವುದಿಲ್ಲ. ಹಾಗಾಗಿ ಎಳೆಯ ನಕ್ಷತ್ರದ ಸುತ್ತ ಒಂದು ಚಪ್ಪಟೆ ತಟ್ಟೆ ಉಳಿಯುತ್ತದೆ. ಗ್ರಹಗಳು ಹುಟ್ಟುವುದು ಇದರಲ್ಲೇ.

ಇದು ಬರೀ ಲೆಕ್ಕಾಚಾರವಲ್ಲ. ಚಿಲಿಯ ಅಟಕಾಮಾ ಮರುಭೂಮಿಯಲ್ಲಿರುವ ಆಲ್ಮಾ ದೂರದರ್ಶಕ 2014ರಲ್ಲಿ ಎಚ್‌ಎಲ್ ಟೌರಿ ಎಂಬ ನಕ್ಷತ್ರದ ಚಿತ್ರ ತೆಗೆಯಿತು. ಅದು ಸುಮಾರು 450 ಜ್ಯೋತಿರ್ವರ್ಷ ದೂರವಿದೆ. ತಟ್ಟೆಯಲ್ಲಿ ಬಳೆ ಬಳೆಯಾಗಿ ಬೆಳಕು, ನಡುನಡುವೆ ಕಪ್ಪು ಸಂದು. ನಕ್ಷತ್ರಕ್ಕೆ ಹೆಚ್ಚೆಂದರೆ ಸುಮಾರು ಹತ್ತು ಲಕ್ಷ ವರ್ಷ! ಇಷ್ಟು ಎಳೆಯದರಲ್ಲಿ ಇಷ್ಟು ಅಚ್ಚುಕಟ್ಟಾದ ಬಳೆಗಳನ್ನು ಯಾರೂ ನಿರೀಕ್ಷಿಸಿರಲಿಲ್ಲ. ಪಿಡಿಎಸ್ 70 ಎಂಬ ಇನ್ನೊಂದು ನಕ್ಷತ್ರದ ತಟ್ಟೆಯ ಸಂದಿನಲ್ಲಿ ಎರಡು ಗ್ರಹಗಳೇ ಸಿಕ್ಕಿವೆ, ಈಗಲೂ ಅನಿಲ ಎಳೆದುಕೊಳ್ಳುತ್ತಿವೆ.

ಬಳೆಗಳು ನನಗೆ ಮುಖ್ಯ ಅನ್ನಿಸುವುದಕ್ಕೆ ಕಾರಣವಿದೆ. ಹೊಗೆಯಷ್ಟು ಸಣ್ಣ ಧೂಳು ಸುಲಭವಾಗಿ ಅಂಟಿಕೊಳ್ಳುತ್ತದೆ. ಬೆಣಚುಕಲ್ಲಿನಷ್ಟಾದ ಮೇಲೆ ಕಷ್ಟ. ಡಿಕ್ಕಿಯಾದರೆ ಪುಟಿಯುತ್ತವೆ, ಇಲ್ಲವೇ ಒಡೆಯುತ್ತವೆ. ಸಾಲದ್ದಕ್ಕೆ, ಅನಿಲದ ಎದುರುಗಾಳಿಗೆ ವೇಗ ಕಳೆದುಕೊಂಡು ನಕ್ಷತ್ರದ ಕಡೆ ಜಾರುತ್ತವೆ. ಅಂದರೆ ನಿಮ್ಮ ಅನುಮಾನ ಇಲ್ಲಿ ಮತ್ತೆ ಎದುರಾಗುತ್ತದೆ. ಬಳೆಯಲ್ಲಿ ಅನಿಲದ ಒತ್ತಡ ಜಾಸ್ತಿ ಇದ್ದರೆ ಆ ಕಲ್ಲುಗಳು ಅಲ್ಲೇ ನಿಂತು ಗುಂಪಾಗುತ್ತವೆ. ಗುಂಪು ದಟ್ಟವಾದರೆ ಅದರ ಸ್ವಂತ ಗುರುತ್ವವೇ ಅವನ್ನು ಕಿಲೋಮೀಟರುಗಟ್ಟಲೆ ದಪ್ಪದ ಉಂಡೆಗಳಾಗಿ ಬಿಗಿಯುತ್ತದೆ. ಆಮೇಲೆ ಉಂಡೆ ಉಂಡೆಯನ್ನು ಸೆಳೆಯುತ್ತದೆ.

ಇಂಥ ತೊಟ್ಟಿಲನ್ನು ನೀವೇ ನೋಡಬಹುದು. ಜನವರಿಯ ರಾತ್ರಿ ಮಹಾವ್ಯಾಧ (ಓರಿಯನ್) ನಕ್ಷತ್ರಪುಂಜದ ಸೊಂಟದ ಮೂರು ನಕ್ಷತ್ರಗಳನ್ನು ಹುಡುಕಿ. ಅವುಗಳ ಕೆಳಗೆ ನೇತಾಡುವ ಕತ್ತಿಯ ನಡುವಿನ ಚುಕ್ಕೆ ಮಸುಕಾಗಿ ಕಾಣುತ್ತದೆ. ಅದು ಚುಕ್ಕೆಯಲ್ಲ, ಸುಮಾರು 1,300 ಜ್ಯೋತಿರ್ವರ್ಷ ದೂರದ ಅನಿಲದ ಮೋಡ. ಅದರೊಳಗಿನ ಎಳೆಯ ನಕ್ಷತ್ರಗಳ ಸುತ್ತ ಇಂಥ ತಟ್ಟೆಗಳನ್ನು ಹಬಲ್ ದೂರದರ್ಶಕ ಕಂಡಿದೆ.