ಕೈಕೆಲಸದ ಒಲವು ವೃತ್ತಿಯಾದೀತೇ?

ಪ್ರಶ್ನೆ: ಪಿಯುಸಿ ಓದುತ್ತಿರುವ ನಮ್ಮ ಮಗಳು ಸದಾ ಗುಳೇದಗುಡ್ಡ ಖಣದ (ರವಿಕೆ ಬಟ್ಟೆಯ) ತುಂಡುಗಳಿಂದ ಚೀಲ, ಗೊಂಬೆ ಹೊಲಿಯುತ್ತಿರುತ್ತಾಳೆ. ಈ ಹುಚ್ಚಿನಿಂದ ಬದುಕು ನಡೆದೀತೇ?
– ಓದುಗರೊಬ್ಬರು, ಬಾಗಲಕೋಟೆ

ಉತ್ತರ: ಖಂಡಿತ ನಡೆದೀತು, ದಯವಿಟ್ಟು ಅದನ್ನು ಹುಚ್ಚೆನ್ನಬೇಡಿ. ಅಹಮದಾಬಾದಿನಲ್ಲಿ 1961ರಲ್ಲಿ ಆರಂಭವಾದ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯ ನಾಲ್ಕು ವರ್ಷಗಳ ಪದವಿಗೆ ಪಿಯುಸಿಯ ಯಾವ ವಿಭಾಗದವರೂ ಅರ್ಜಿ ಹಾಕಬಹುದು; ಪ್ರವೇಶ ಪರೀಕ್ಷೆಯ ಎರಡನೆಯ ಹಂತದಲ್ಲಿ ಸಾಮಾನ್ಯವಾಗಿ ಕೊಟ್ಟ ಸಾಮಗ್ರಿಯಿಂದ ಮಾದರಿಯೊಂದನ್ನು ಕೈಯಾರೆ ಮಾಡಿ ತೋರಿಸಬೇಕಾಗುವುದರಿಂದ, ಆಕೆಯ ಅಭ್ಯಾಸ ವ್ಯರ್ಥವಾಗದು. ಅದಕ್ಕೂ ಮೊದಲು ಆಕೆಯನ್ನು ಇಳಕಲ್ಲಿನ ಮಗ್ಗದ ಬಳಿ ಕರೆದೊಯ್ಯಿರಿ. ಸೀರೆಯ ಒಡಲಿನ ಹಾಸುನೂಲಿಗೆ (ಮಗ್ಗದಲ್ಲಿ ಉದ್ದಕ್ಕೆ ಹೂಡಿದ ಎಳೆಗಳಿಗೆ) ಸೆರಗಿನ ರೇಷ್ಮೆ ಹಾಸುನೂಲನ್ನು ಕೊಂಡಿ ಕೊಂಡಿಯಾಗಿ ಜೋಡಿಸುವ ನೇಕಾರರನ್ನು ನೋಡಿದರೆ, ಬಣ್ಣಕ್ಕೂ ಮೊದಲು ನೂಲಿನ ಗುಣವನ್ನು ಯೋಚಿಸಬೇಕೆಂಬುದು ಆಕೆಗೆ ತಾನಾಗಿಯೇ ಮನದಟ್ಟಾಗುತ್ತದೆ. ಪ್ರತಿ ಚೀಲದ ರೇಖಾಚಿತ್ರ, ಕೆಟ್ಟ ಮಾದರಿ, ತಿದ್ದಿದ ಮಾದರಿ ಎಲ್ಲವನ್ನೂ ಕಾಪಿಡಲಿ. ಮುಂದೆ ಕೆಲಸ ಕೊಡುವವರು ಕೇಳುವುದು ಅದನ್ನೇ.